ಬೂಟಿನ ಬೆನ್ನು ಹತ್ತಿದ ಜಡ್ಜ್ ಸಾಹೇಬರು

ಎಲ್ವಿನ್ ಟಟಲ್‌ನ ಹಳೆಯ ಬೂಟಿಗೆ ಯಾವ ರೋಗವೂ ಇರಲಿಲ್ಲ. ಹಿಮ್ಮಡಿ ಸ್ವಲ್ಪ ಸವೆದಿತ್ತು, ಅಷ್ಟೆ. ಅದನ್ನೇ ಮೆಟ್ಟಿಕೊಂಡು ಹೊರಟಿದ್ದರೆ ಆ ಶನಿವಾರ ಬ್ರಿಗ್ಸ್‌ವಿಲ್ ಊರು ತನ್ನ ಪಾಡಿಗೆ ತಾನು ಹುಲ್ಲು ಕತ್ತರಿಸಿಕೊಂಡು ಇರುತ್ತಿತ್ತು. ಆದರೆ ಪಕ್ಕದ ಮನೆಯ ಮಿಸೆಸ್ ಹೆಸ್ಟರ್ ಪೈಕ್ ಬಿಡಬೇಕಲ್ಲ.

"ಆ ಸತ್ತ ಬೂಟು ಹಾಕ್ಕೊಂಡು ಹೋಗಿ ಒಬ್ಬ ಹೆಂಗಸನ್ನ ಮದುವೆ ಆಗ್ತೀಯಾ ಅಂತ ಕೇಳ್ತೀಯೇನೋ? ಅವಳು ನಿನ್ನ ಮುಖ ಎಲ್ಲಿ ನೋಡ್ತಾಳೆ, ಮೊದಲು ಕಾಲು ನೋಡ್ತಾಳೆ," ಎಂದು ಬೇಲಿಯ ಆಚೆಯಿಂದ ವಾರವಿಡೀ ತಲೆ ಕೊರೆದು, ಕೊನೆಗೆ ತಮ್ಮ ಕಾರಿನಲ್ಲೇ ಅಂಗಡಿಗೆ ಕರೆದುಕೊಂಡು ಹೋಗಿ, ಕನ್ನಡಿಯಂತೆ ಹೊಳೆಯುವ ಕಂದು ಬೂಟು ಆರಿಸಿಕೊಟ್ಟಿದ್ದರು. ಮದುವೆಯ ವಿಚಾರ ಎಲ್ವಿನ್ ಯಾರಿಗೂ ಹೇಳಿರಲಿಲ್ಲ. ಆದರೆ ಮಿಸೆಸ್ ಪೈಕ್‌ಗೆ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ.

ಆ ಹೆಂಗಸು ಮಾರ್ವಾ ಕ್ವಿಂಬಿ. ಗಂಡ ತೀರಿಕೊಂಡ ಮೇಲೆ ಗಸ್‌ನ ಹೋಟೆಲಿನಲ್ಲಿ ಪೈ ಎಂಬ ಹಣ್ಣಿನ ಕಡುಬು ಮಾಡುತ್ತಿದ್ದಳು. ಮೊಳೆ, ತಿರುಪು, ಕೀಲೆಣ್ಣೆ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಬ್ರಹ್ಮಚಾರಿ ಎಲ್ವಿನ್ ವರ್ಷಗಟ್ಟಲೆ ಅವಳ ಸೇಬಿನ ಪೈ ತಿಂದು ಸೊಂಟದ ಪಟ್ಟಿಗೆ ಹೊಸ ತೂತು ಕೊರೆದುಕೊಂಡಿದ್ದನೇ ಹೊರತು, "ಇನ್ನೊಂದು ತುಂಡು ಕೊಡಿ" ಎಂಬುದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ. ಆಡಲು ಹೊರಟರೆ ನಾಲಿಗೆ ಅಂಟಿಕೊಂಡು, ಈಯಲು ನಿಂತ ಹಸುವಿನ ಹಾಗೆ ಮೂಗಿನಿಂದ "ಊಂಂಂಹ್" ಎಂದು ಉದ್ದನೆಯ ನರಳಿಕೆಯೊಂದು ಬರುತ್ತಿತ್ತು. ಹೆದರಿದರೂ ಅದೇ, ನಾಚಿದರೂ ಅದೇ. ಅವನ ಸ್ವಭಾವಕ್ಕೆ ಅದು ದಿನಕ್ಕೆ ಹತ್ತಾರು ಸಲ ಬೇಕಾಗುತ್ತಿತ್ತು.

ಮಾರ್ವಾಳಾದರೋ ಊರಿಗೆಲ್ಲ ಗಂಭೀರ ಹೆಂಗಸು. ಅವಳು ನಕ್ಕದ್ದನ್ನು ಕಂಡವರಿಲ್ಲ. ಹೋಟೆಲಿನಲ್ಲಿ ಯಾರಾದರೂ ನಗೆಮಾತು ಶುರು ಮಾಡಿದರೆ ಸಾಕು, ಏಪ್ರನ್ನಿನ ಸೆರಗನ್ನು ಬಾಯಿಗೆ ತುರುಕಿಕೊಂಡು, ಬೆಣ್ಣೆ ಮಾಂಸ ಇಡುವ ತಣ್ಣನೆಯ ಕೋಣೆಗೆ ಹೋಗಿ ದಪ್ಪ ಬಾಗಿಲು ಎಳೆದುಕೊಂಡುಬಿಡುತ್ತಿದ್ದಳು. ನಮ್ಮ ಊರಿನ ಹಾಸ್ಯಗಾರರನ್ನು ಬಲ್ಲವರು ಅವಳದು ತಪ್ಪು ಎನ್ನುತ್ತಿರಲಿಲ್ಲ.

ಈಗ ಅವಳು ಊರು ಬಿಟ್ಟು ಅಲಾಸ್ಕಾಗೆ ಹೊರಟಿದ್ದಳು. ಫ್ಲಾರಿಡಾಗೆ ಹೋಗುವವರುಂಟು, ಆರಿಜ಼ೋನಾಗೆ ಹೋಗುವವರುಂಟು. ಒಹಾಯೋದ ಬೆಚ್ಚನೆಯ ಮನೆ ಮಾರಿ ಮಂಜುಗಡ್ಡೆಯ ನಾಡಿಗೆ ಯಾರು ಹೋಗುತ್ತಾರೆ? "ಅಲ್ಲಿ ಯಾವನೋ ಇದ್ದಾನೆ, ಚಿನ್ನದ ಗಣಿಯವನು," ಎಂದು ಮಿಸೆಸ್ ಪೈಕ್ ತೀರ್ಪು ಕೊಟ್ಟಿದ್ದರು. ಶನಿವಾರ ಮಧ್ಯಾಹ್ನ ಅವಳ ಕೊನೆಯ ಪೈ ಒಲೆಯಿಂದ ಇಳಿಯುವುದಿತ್ತು, ಸಂಜೆ ಬಸ್ಸು. ಅಷ್ಟರೊಳಗೆ ಕೇಳಿದರೆ ಕೇಳಿದಂತೆ, ಇಲ್ಲದಿದ್ದರೆ ಎಲ್ವಿನ್ ಬದುಕಿಡೀ ಮೊಳೆ ಎಣಿಸಬೇಕು.

ಆ ಬೆಳಿಗ್ಗೆ ಅವನು ಹೊಸ ಬೂಟು ಮೆಟ್ಟಿ ಅಂಗಳಕ್ಕಿಳಿದ. ಬೂಟು "ಕಿಯೊಂಕ್" ಎಂದಿತು. ಇನ್ನೊಂದು ಹೆಜ್ಜೆ ಇಟ್ಟ. "ಕಿಯೊಂಕ್." ಹೊಸ ತೊಗಲು, ಬಳಸಿದರೆ ಸರಿಹೋಗುತ್ತದೆ ಎಂದುಕೊಂಡು ಗೇಟಿನ ತನಕ ಹೋಗಿದ್ದನಷ್ಟೆ, ಸೇಬಿನ ಮರದ ಹಿಂದಿನಿಂದ ಜಡ್ಜ್ ಸಾಹೇಬರು ಪ್ರತ್ಯಕ್ಷರಾದರು.

ಜಡ್ಜ್ ಸಾಹೇಬರೆಂದರೆ ಊರಿನ ಅತಿ ದೊಡ್ಡ ಕಾಡು ಟರ್ಕಿ ಕೋಳಿ. ದಿನವೂ ನ್ಯಾಯಾಲಯದ ಮೆಟ್ಟಿಲ ಮೇಲೆ ಎದೆಯುಬ್ಬಿಸಿ ಓಡಾಡುತ್ತಿದ್ದರಿಂದ ಆ ಹೆಸರು. ಎದೆಯಿಂದ ಇಳಿಬಿದ್ದ ಕರಿ ಗಡ್ಡ, ಬೋಳು ತಲೆ, ಮೂಗಿನ ಮೇಲೆ ಜೋಲುವ ಕೆಂಪು ತೊಗಲು. ಮನುಷ್ಯರನ್ನು ಅವರು ಸಾಮಾನ್ಯವಾಗಿ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಈವತ್ತು ಎಲ್ವಿನ್‌ನ ಕಾಲನ್ನೇ ದಿಟ್ಟಿಸಿ ನೋಡಿದರು. ಬಾಲ ಬೀಸಣಿಗೆಯಂತೆ ಬಿಚ್ಚಿತು, ರೆಕ್ಕೆ ನೆಲ ಗುಡಿಸಿತು, ತಲೆ ನೀಲಿಯಾಯಿತು.

"ಊಂಂಂಹ್," ಎಂದ ಎಲ್ವಿನ್, ಬೇಗ ಬೇಗ ನಡೆದ. ಬೂಟು ಬೇಗ ಬೇಗ ಕೂಗಿತು. ಜಡ್ಜ್ ಸಾಹೇಬರು ಬೇಗ ಬೇಗ ಬಂದರು. ಅವನು ಓಡಿದ. ಅವರೂ ಓಡಿದರು, ಬಾಲ ಮಡಿಸದೆಯೇ.

ಮಿಸೆಸ್ ಪೈಕ್ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದರು. "ಓಡಬೇಡ ಕಣೋ. ಓಡಿದ್ರೆ ನೀನು ಕೈಲಾಗದವನು ಅಂತ ತಿಳ್ಕೊಳುತ್ತೆ. ಯಾರು ಯಜಮಾನ ಅಂತ ತೋರಿಸ್ಬೇಕು."

"ಅದಕ್ಕೆ ಗೊತ್ತಾಗಿದೆ ಮಿಸೆಸ್ ಪೈಕ್, ಯಾರು ಅಂತ," ಎಂದು ಎಲ್ವಿನ್ ಅವರ ಅಂಚೆಪೆಟ್ಟಿಗೆಯ ಸುತ್ತ ಎರಡನೇ ಪ್ರದಕ್ಷಿಣೆ ಹಾಕುತ್ತಾ ಹೇಳಿದ.

"ತಗೋ ಈ ಕೊಡೆ. ಮುಖದ ಎದುರಿಗೇ ಬಿಚ್ಚು. ನಮ್ಮಕ್ಕ ಇದರಲ್ಲೇ ಒಂದು ಹೋರಿ ಓಡಿಸಿದ್ಳು."

ಅಕ್ಕನ ಹೋರಿಯ ಕಥೆ ಹೇಗೋ ಏನೋ, ಎಲ್ವಿನ್ ಕೊಡೆಯನ್ನು ಪಟ್ಟನೆ ಬಿಚ್ಚಿದ. ಜಡ್ಜ್ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದದ್ದು ನಿಜ. ಆದರೆ ಬಿಚ್ಚಿದ ಕರಿ ಕೊಡೆ ದೂರಕ್ಕೆ ಥೇಟ್ ಬಿಚ್ಚಿದ ಬಾಲ. ಬೀದಿಯ ಆ ತುದಿಯಲ್ಲಿ ಹುಲ್ಲು ಕೆದಕುತ್ತಿದ್ದ ಇನ್ನೆರಡು ಗಂಡು ಟರ್ಕಿಗಳು, ನಮ್ಮ ಬೀದಿಗೆ ಬಂದು ಮೆರೆಯುವ ಈ ಹೊಸ ಗಂಡು ಯಾವನು ಎಂದು ಕತ್ತು ಮುಂದೆ ಚಾಚಿ ಜಗಳಕ್ಕೇ ಬಂದವು. ಒಂದು ಪ್ರಾಣಿ ಕಾಲಿಗೆ ಮರುಳಾಗಿದೆ, ಎರಡು ಕೊಡೆಯ ಮೇಲೆ ಹಲ್ಲು ಮಸೆಯುತ್ತಿವೆ. ಬಾಣಲೆಯಿಂದ ಬೆಂಕಿಗೆ ಬಿದ್ದ ಎಲ್ವಿನ್, ಕೊಡೆಯನ್ನು ಅವಕ್ಕೇ ಬಿಟ್ಟುಕೊಟ್ಟು ಚೌಕದ ಕಡೆ ದೌಡಾಯಿಸಿದ.

ಚೌಕದ ನಡುವೆ ಹಳೆಯ ಯುದ್ಧದ ಸಿಪಾಯಿಯ ಕಲ್ಲು ಪ್ರತಿಮೆ. ಎಲ್ವಿನ್ ಕಟ್ಟೆ ಹತ್ತಿ ಸಿಪಾಯಿಯ ಸೊಂಟವನ್ನು ತಬ್ಬಿಕೊಂಡು ನಿಂತ. ಎದುರಿಗೆ ಗಸ್‌ನ ಹೋಟೆಲು, ಕಿಟಕಿಯೊಳಗೆ ಮಾರ್ವಾಳ ಬಿಳಿ ಏಪ್ರನ್ನು ಓಡಾಡುತ್ತಿತ್ತು. ಬೀದಿ ದಾಟಿದರೆ ಮುಗಿಯಿತು. ಅಷ್ಟನ್ನೇ ದಾಟಲಾಗಲಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು.

ಅಲ್ಲಾಡದೆ ನಿಂತಾಗ ಜಡ್ಜ್ ಸಾಹೇಬರು ಆಸಕ್ತಿ ಕಳೆದುಕೊಂಡು ಬಾಲ ಮಡಿಸಿದರು. ಯಜಮಾನಿಕೆ ಅಂದರೆ ಇದೇ ಇರಬೇಕು ಎಂದು ಎಲ್ವಿನ್ ಧೈರ್ಯ ತಂದುಕೊಂಡು ಕೆಳಗೆ ಒಂದು ಕಾಲಿಟ್ಟ. "ಕಿಯೊಂಕ್." ಬಾಲ ಬಿಚ್ಚಿತು. ಕಾಲು ಮೇಲೆ ತೆಗೆದುಕೊಂಡ. ಬಾಲ ಮಡಿಯಿತು. ಸುತ್ತ ಸೇರಿದ್ದ ಜನ ಫೋನು ಹಿಡಿದು ಚಿತ್ರ ತೆಗೆಯುತ್ತಾ, "ಇನ್ನೊಂದ್ಸಲ ಇಳೀ ಎಲ್ವಿನ್, ಸರಿಯಾಗಿ ಬರಲಿಲ್ಲ," ಎಂದು ಉಪಕಾರ ಮಾಡುತ್ತಿದ್ದರು. ಮಿಸೆಸ್ ಪೈಕ್ ಮುರಿದ ಕೊಡೆ ಹಿಡಿದುಕೊಂಡು, ಆ ಎರಡು ಟರ್ಕಿಗಳನ್ನೂ ಬೆನ್ನಿಗೆ ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ನಿಂತರು.

ಆ ಹೊತ್ತಿಗೆ ಬರ್ಟ್ ಲೂಮಿಸ್‌ನ ಪಿಕಪ್ ಗಾಡಿ ಬಂದು ನಿಂತಿತು. ಬರ್ಟ್ ಹರೆಯದಲ್ಲಿ ಅಲಾಸ್ಕಾದಲ್ಲಿ ಮರ ಕಡಿದವನು. ಅಲ್ಲಿಂದ ಬಂದ ಮೇಲೆ ಬೇರೆ ವಿಷಯ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಈಗ ಮೈಯೆಲ್ಲ ಎಲೆ ಬಣ್ಣದ ಬಟ್ಟೆ, ಮುಖಕ್ಕೆ ಮಸಿ. ಬೆಳಕು ಹರಿಯುವ ಮೊದಲೇ ಟರ್ಕಿ ಬೇಟೆಗೆ ಹೋಗಿ, ಹೆಣ್ಣು ಟರ್ಕಿಯ ಕೂಗು ಹೊರಡಿಸುವ ಪುಟ್ಟ ಮರದ ಪೆಟ್ಟಿಗೆಯನ್ನು ಉಜ್ಜಿ ಉಜ್ಜಿ ಕೈ ಸೋತು ಬಂದಿದ್ದ. ಒಂದು ಗಂಡೂ ಬಂದಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗೆ ಅವೆಲ್ಲ ಇಲ್ಲಿ ಚೌಕದಲ್ಲಿ ಸೇರಿದ್ದವು, ಗುಂಡು ಹಾರಿಸಬಾರದ ಜಾಗದಲ್ಲಿ.

"ಎಲ್ವಿನ್, ಒಂದು ಹೆಜ್ಜೆ ಇಡು," ಎಂದ ಬರ್ಟ್, ಕಿವಿಗೆ ಕೈಯಿಟ್ಟು.

ಎಲ್ವಿನ್ ಇಟ್ಟ. ಬರ್ಟ್ ಕಣ್ಣು ಮುಚ್ಚಿಕೊಂಡು ಕೇಳಿದ.

"ಇನ್ನೊಂದ್ಸಲ."

ಇಟ್ಟ.

"ಮಾರಾಯ, ಇಷ್ಟು ಚಂದದ ಹೆಣ್ಣು ಟರ್ಕಿಯ ಕೂಗು ನಾನು ಹುಟ್ಟಿದಾಗಿಂದ ಕೇಳಿಲ್ಲ. ವಸಂತಕಾಲ ಬೇರೆ. ಅವಕ್ಕೆ ನೀನು ಎಲ್ವಿನ್ ಅಲ್ಲ ಕಣೋ, ಊರಿಗೆ ಹೊಸದಾಗಿ ಬಂದ ಸುಂದರಿ. ಬಿಚ್ಚು ಆ ಬೂಟು, ನನಗೆ ಕೊಡು. ನಾಳೆ ಕಾಡಿಗೆ ಬೇಕು."

ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸೆಸ್ ಪೈಕ್ ಮಾತ್ರ, "ಬೂಟಿಂದೇನೂ ತಪ್ಪಿಲ್ಲ, ಇವನು ಕಾಲಿಡೋ ರೀತೀನೇ ಸರಿ ಇಲ್ಲ," ಎಂದರು.

ಎಲ್ವಿನ್ ಬೂಟು ಕಳಚಿ ಎಸೆದ. ಕಾಲುಚೀಲದಲ್ಲಿ ಒಂದು ನೀಲಿ, ಇನ್ನೊಂದು ಕ್ರಿಸ್‌ಮಸ್‌ನ ಕೆಂಪು, ಅದರ ತುದಿಯಿಂದ ಹೆಬ್ಬೆರಳು ಹೊರಗಿಣುಕುತ್ತಿತ್ತು. ಹೊಸ ಬೂಟಿನಲ್ಲಿ ಕಾಲು ಯಾರು ನೋಡುತ್ತಾರೆ ಎಂದು ಆರಿಸದೆ ಹಾಕಿಕೊಂಡಿದ್ದ. ಅದರಲ್ಲೇ ಬೀದಿ ದಾಟಿದ. ಜಡ್ಜ್ ಸಾಹೇಬರು ತಿರುಗಿಯೂ ನೋಡಲಿಲ್ಲ. ಬೆನ್ನ ಹಿಂದೆ ಇಡೀ ಚೌಕ ಹೋಟೆಲಿನೊಳಕ್ಕೆ ಬಂದು ಕುರ್ಚಿ ಹಿಡಿಯಿತು.

ಮಾರ್ವಾ ಕೊನೆಯ ಪೈ ಇಳಿಸಿ ಕೈ ಒರೆಸಿಕೊಳ್ಳುತ್ತಿದ್ದಳು. ಎಲ್ವಿನ್ ಅವಳ ಎದುರು ನಿಂತ. ತಲೆಯಲ್ಲಿ ಒಂದು ಪುಕ್ಕ, ಹೆಗಲ ಮೇಲೆ ಪ್ರತಿಮೆಯ ಪಾರಿವಾಳಗಳ ಆಶೀರ್ವಾದ, ಕೆಳಗೆ ಹೆಬ್ಬೆರಳು.

"ಮಾರ್ವಾ, ನೀವು ಹೋಗಬೇಡಿ. ನನ್ನನ್ನ ಮದುವೆ ಆಗ್ತೀರಾ?"

ಅವನಿಗೇ ಆಶ್ಚರ್ಯ, ಮಾತು ಪೂರ್ತಿ ಬಂದಿತ್ತು. ಮಾರ್ವಾ ಪುಕ್ಕ ನೋಡಿದಳು, ಹೆಗಲು ನೋಡಿದಳು, ನಿಧಾನವಾಗಿ ಕಾಲಿಗೆ ಬಂದಳು. ಅವಳ ಮುಖ ಕೆಂಪಾಯಿತು. ಏಪ್ರನ್ನಿನ ಸೆರಗು ಬಾಯಿಗೆ ಹೋಯಿತು. ಸರಸರನೆ ತಣ್ಣನೆಯ ಕೋಣೆಗೆ ನಡೆದು ಬಾಗಿಲು ಎಳೆದುಕೊಂಡಳು.

"ಮುಗೀತು," ಎಂದರು ಮಿಸೆಸ್ ಪೈಕ್. "ನಾನು ಹೇಳಲಿಲ್ವಾ, ಮೊದಲು ಕಾಲು ನೋಡ್ತಾಳೆ ಅಂತ."

ಬೇರೆ ದಿನವಾಗಿದ್ದರೆ ಎಲ್ವಿನ್ ನರಳಿ ಮನೆಗೆ ಹೋಗುತ್ತಿದ್ದ. ಆದರೆ ಬೆಳಗಿನಿಂದ ಮೂರು ಟರ್ಕಿಗಳ ಕೈಲಿ ಹೋಗುವಷ್ಟು ಮಾನ ಹೋಗಿತ್ತು, ಕಳೆದುಕೊಳ್ಳಲು ಉಳಿದಿದ್ದೇನು? ಬಾಗಿಲು ತಳ್ಳಿ ಒಳಗೆ ಹೋದ.

ಬೆಣ್ಣೆಯ ಪೆಟ್ಟಿಗೆಗಳ ನಡುವೆ ಮಾರ್ವಾ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದಳು. ಅವಳ ಬಾಯಿಂದ ಬರುತ್ತಿದ್ದ ಸದ್ದು ಇದು: "ಕಿಯೊಂಕ್, ಕಿಯೊಂಕ್, ಕಿಯೊಂಕ್."

ಎಲ್ವಿನ್ ತಟ್ಟನೆ ಬಾಗಿಲನ್ನು ಭದ್ರವಾಗಿ ಎಳೆದ.

"ನಿಮಗೂನಾ?" ಎಂದ.

"ಚಿಕ್ಕಂದಿನಿಂದ," ಎಂದಳು ಮಾರ್ವಾ, ಉಸಿರು ತಂದುಕೊಂಡು. "ಮೊದಲನೇ ಮದುವೇಲಿ ಚರ್ಚಿನ ಅಂಗಳದಲ್ಲಿ ಒಂದೇ ಒಂದು ಸಲ ನಕ್ಕೆ. ನಾಲ್ಕು ಗಂಡು ಟರ್ಕಿ ಬಂದ್ವು. ಪಾದ್ರಿಗಳು ಮರ ಹತ್ತಿದ್ರು. ಆಮೇಲೆ ಹೊರಗೆ ನಕ್ಕಿಲ್ಲ. ಎಲ್ವಿನ್, ನಿಮ್ಮಷ್ಟು ನಗು ಬರಿಸೋ ಮನುಷ್ಯನ್ನ ನಾನು ನೋಡಿಲ್ಲ. ದಿನಾ ನೀವು ಪೈ ತಿಂದು ಹೋದ ಮೇಲೆ ಇಲ್ಲಿಗೆ ಬಂದು ನಿಂತ್ಕೋತೀನಿ. ನನಗೆ ಬಯಲಲ್ಲಿ, ಬಿಸಿಲಲ್ಲಿ ನಿಂತು ನಗಬೇಕು. ಈ ದೇಶದ ಎಲ್ಲಾ ರಾಜ್ಯದಲ್ಲೂ ಕಾಡು ಟರ್ಕಿ ಇವೆ, ಒಂದನ್ನ ಬಿಟ್ಟು."

"ಅಲಾಸ್ಕಾ," ಎಂದ ಎಲ್ವಿನ್. ಚಿನ್ನದ ಗಣಿಯವನು ಅವನ ಮನಸ್ಸಿನಿಂದ ಎದ್ದು ಹೊರಟುಹೋದ. "ಹಾಗಾದ್ರೆ ನಾನೂ ಬರ್ತೀನಿ. ಮೊಳೆ ಅಲ್ಲೂ ಮಾರ್ತಾರೆ."

"ಬರ್ತೀರಾ?"

"ನಾಳೆ ಬೇಕಾದ್ರೂ."

ಇಬ್ಬರೂ ಕೈ ಹಿಡಿದುಕೊಂಡು, ಚಳಿಗೆ ಮೂಗು ಕೆಂಪಾಗಿ ಹೊರಗೆ ಬಂದರು. ಮಾರ್ವಾ ಮದುವೆಗಾಗಿ ಪ್ರಯಾಣವನ್ನು ಒಂದು ವಾರ ಮುಂದಕ್ಕೆ ಹಾಕಿ, ಇಬ್ಬರೂ ಒಟ್ಟಿಗೇ ಅಲಾಸ್ಕಾಗೆ ಹೊರಡುವುದಾಗಿ ಹೇಳಿದಾಗ ಹೋಟೆಲೆಲ್ಲ ಚಪ್ಪಾಳೆ ತಟ್ಟಿತು. ಗಸ್ ಎಲ್ಲರಿಗೂ ಪೈ ಹಂಚಿದ. ಯಾರೋ ಎಲ್ವಿನ್‌ನ ಬೆನ್ನು ತಟ್ಟಿ, ನಾಲ್ಕು ಮಾತಾಡಯ್ಯ ಎಂದರು. ಬದುಕಿನಲ್ಲಿ ಇಷ್ಟು ಸುಖ ಅವನಿಗೆ ಎಂದೂ ಆಗಿರಲಿಲ್ಲ. ಬಾಯಿ ತೆರೆದ.

"ಊಂಂಂಂಹ್."

ಬರ್ಟ್‌ನ ಚಮಚ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಅವನು ಕಿವಿಗೆ ಕೈಯಿಟ್ಟ.

"ಇನ್ನೊಂದ್ಸಲ," ಎಂದ.

ಎಲ್ವಿನ್ ಬರ್ಟ್‌ನ ಮುಖವನ್ನೇ ನೋಡಿದ. ಹೆದರಿಕೆಗೆ ಅದು ತಾನಾಗಿಯೇ ಇನ್ನೊಂದು ಸಲ ಬಂತು.

ಬರ್ಟ್ ಚಮಚ ಕೆಳಗಿಟ್ಟ. "ಅಲಾಸ್ಕಾದಲ್ಲಿ ಮೂಸ್ ಅಂತ ಒಂದು ಪ್ರಾಣಿ ಇದೆ. ಕಡವೆ ಜಾತಿ. ಚಳಿಗಾಲಕ್ಕೆ ಮುಂಚೆ ಗಂಡಿಗೆ ಬೆದೆ ಬರುತ್ತೆ, ಆಗ ಹೆಣ್ಣು ಹಿಂಗೇ ಕರೆಯುತ್ತೆ. ನಾವು ಮೂಗು ಹಿಡ್ಕೊಂಡು ಕೂಗಿ ಕೂಗಿ ಕಲೀತಿದ್ವಿ, ಒಬ್ಬನಿಗೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ. ನಿನ್ನ ದನಿ ಎರಡು ಬೆಟ್ಟ ದಾಟುತ್ತೆ ಮಾರಾಯ."

"ಆ ಮೂಸ್," ಎಂದ ಎಲ್ವಿನ್, "ಟರ್ಕಿಗಿಂತ ದೊಡ್ಡದಾ?"

ಬರ್ಟ್ ಕಿಟಕಿಯತ್ತ ಕೈ ತೋರಿಸಿದ. ಗಾಜಿಗೆ ಕೊಕ್ಕು ಒತ್ತಿಕೊಂಡು ಜಡ್ಜ್ ಸಾಹೇಬರು ನಿಂತಿದ್ದರು.

"ಅವರನ್ನ ಬಿಡು. ಅವರ ಹಿಂದೆ ನನ್ನ ಗಾಡಿ ಕಾಣ್ತಿದೆಯಲ್ಲ, ಅದಕ್ಕೆ ಕೊಂಬು ಬಂದಿದೆ ಅಂದ್ಕೋ, ಅಷ್ಟು ದೊಡ್ಡದು."

ಮಾರ್ವಾ ಎಲ್ವಿನ್‌ನ ಮುಖ ನೋಡಿದಳು. ಏಪ್ರನ್ನಿನ ಸೆರಗು ಹುಡುಕಿದಳು, ಸಿಗಲಿಲ್ಲ. ಹೊರಗೆ ಜಡ್ಜ್ ಸಾಹೇಬರು ಬಾಲ ಬಿಚ್ಚಿ, ಬಾಗಿಲು ಯಾವ ಕಡೆಗಿದೆ ಎಂದು ಹುಡುಕತೊಡಗಿದರು.

ಮಿಸೆಸ್ ಪೈಕ್ ಪೈ ತಟ್ಟೆ ಪಕ್ಕಕ್ಕಿಟ್ಟು ಎಲ್ವಿನ್‌ನ ಹೆಗಲ ಮೇಲೆ ಕೈಯಿಟ್ಟರು.

"ಹೆದರಬೇಡ ಕಣೋ. ಇನ್ನೂ ದೊಡ್ಡ ಕೊಡೆ ಕೊಡಿಸ್ತೀನಿ."