ನಮ್ಮ ಮನೆಯ ವಿದೇಶ ಮಂತ್ರಿ

ವಿರೋಧ ಪಕ್ಷದವರನ್ನು ಮದುವೆಯಾದರೆ ಮನೆಯಲ್ಲಿ ದಿನಾ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಆಗದೇ ಇರುವುದು ಗೆಲುವು ಮಾತ್ರ. ನನ್ನ ಗಂಡ ಕುಮಟೆಯಲ್ಲಿ ವಕೀಲರು. ಬೆಳಿಗ್ಗೆ ಕೋರ್ಟಿನಲ್ಲಿ ಸೋತು ಬಂದರೆ ಸಂಜೆ ರಾಜಕೀಯದಲ್ಲಿ ಸೋಲಲು ಹೊರಡುತ್ತಿದ್ದರು. ಆದರೂ ಮುಖ ಸಪ್ಪಗಾದದ್ದನ್ನು ನಾನು ಕಂಡದ್ದು ಕಡಿಮೆ.

೧. ಖಾತೆ ಹಂಚಿಕೆ

ಐವತ್ತರ ದಶಕದ ಕೊನೆ. ಇಂಗ್ಲೆಂಡಿನಲ್ಲಿ ವಿರೋಧ ಪಕ್ಷದವರು ತಮ್ಮದೇ ‘ನೆರಳು ಮಂತ್ರಿಮಂಡಲ’ ಮಾಡಿಕೊಳ್ಳುತ್ತಾರಂತೆ ಎಂದು ಇವರ ಪಕ್ಷದವರೊಬ್ಬರು ಪೇಪರಿನಲ್ಲಿ ಓದಿದರು. ಅಂದೇ ನಮ್ಮ ಜಗಲಿಯಲ್ಲಿ ಕುಮಟೆಯ ಮಂತ್ರಿಮಂಡಲ ತಯಾರಾಯಿತು. ಗೃಹ ಖಾತೆ ಮದುವೆಯೇ ಆಗದ ಮಾಸ್ತರರಿಗೆ ಹೋಯಿತು. ಆಹಾರ ಖಾತೆ ಸಕ್ಕರೆ ಕಾಯಿಲೆಯ ಡಾಕ್ಟರರಿಗೆ. ವಿದೇಶ ಖಾತೆ ಮಾತ್ರ ಇವರಿಗೇ ಎಂದು ಎಲ್ಲರೂ ಒಪ್ಪಿದರು. ಪೋರ್ಚುಗೀಸರ ಗೋವೆಯಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿ ಬಂದಿದ್ದ ಇವರೊಬ್ಬರೇ ಪರದೇಶ ಕಂಡವರು.

ಮುಂದೆ ಗೋವೆ ನಮ್ಮ ದೇಶಕ್ಕೆ ಸೇರಿತು. ಪೇಟೆಯಲ್ಲೆಲ್ಲ ಪೇಡೆ ಹಂಚಿದರು. ಇವರೂ ಹಂಚಿದರು. ಮಾಸ್ತರರು ಪೇಡೆ ಬಾಯಿಗಿಡುತ್ತ, “ವಕೀಲರೇ, ಹಾಗಾದ್ರೆ ಈಗ ನೀವೂ ನಮ್ಮ ಹಾಗೇ ಪರದೇಶ ಕಾಣದವರು!” ಅಂದರು.

೨. ಹೊಳನಗದ್ದೆಯ ಸಭೆ

ಹೊಳನಗದ್ದೆ ಹಳ್ಳಿಯ ಸಭೆಯಲ್ಲಿ ಇವರು ಟಿಬೆಟ್ಟಿನಿಂದ ಸೂಯೆಜ್ ಕಾಲುವೆಯವರೆಗೆ ಮಾತಾಡಿದರು. ಜನ ತಾಳ್ಮೆಯಿಂದ ಕೇಳಿದರು. ಕೊನೆಗೆ ರೈತರೊಬ್ಬರು ಎದ್ದು, “ಅದೆಲ್ಲ ಆತು. ಕಟ್ಟು ಒಡೆದು ಗದ್ದೆಗೆಲ್ಲ ಉಪ್ಪುನೀರು ನುಗ್ಗಿದೆ. ಅದಕ್ಕೆ ಎಂತ ಮಾಡ್ತ್ರಿ?” ಎಂದರು.

“ಅದು ನನ್ನ ಖಾತೆ ಅಲ್ಲ ಮಾರಾಯ್ರೆ. ನಂದು ವಿದೇಶ.”

“ಉಪ್ಪುನೀರು ಎಂತ ನಮ್ಮೂರ ಬಾವಿಯಿಂದ ಬಂತಾ? ಸಮುದ್ರದಿಂದ ಬಂದದ್ದು. ಸಮುದ್ರದ ಆಚೆಯದೆಲ್ಲ ನಿಮ್ಮದೇ ಅಂದ್ರಲ್ಲ!”

ವಕೀಲರು ಕೇಸು ಒಪ್ಪಿಕೊಂಡರು. ಮರುದಿನ ಆ ರೈತರ ಜೊತೆ ಸರಕಾರಿ ಕಚೇರಿಗೆ ಹೋಗಿ, ಕಟ್ಟು ಕಟ್ಟಿಸುತ್ತೇವೆಂಬ ಮಾತು ಪಡೆಯುವವರೆಗೂ ಬೆಂಚು ಬಿಟ್ಟು ಏಳಲಿಲ್ಲ. ವಿದೇಶ ಖಾತೆಯಿಂದ ಆದ ಮೊದಲ ಕೆಲಸ ಅದು.

೩. ನಡುಹೊಳೆಯಲ್ಲಿ

ಬರ್ಮಾದ ಸರಕಾರ ಅಂಗಡಿಗಳನ್ನೆಲ್ಲ ವಶಕ್ಕೆ ತೆಗೆದುಕೊಂಡ ಕಾಲ. ಭಟ್ಕಳದಿಂದ ಒಬ್ಬ ತಾಯಿ ಹುಡುಕಿಕೊಂಡು ನಮ್ಮ ಮನೆಗೇ ಬಂದರು. ಮಗ ರಂಗೂನಿನಲ್ಲಿ ಬಟ್ಟೆ ವ್ಯಾಪಾರಕ್ಕೆ ಹೋದವನು, ಮಳೆಗಾಲದಿಂದ ಖಬರಿಲ್ಲ. “ಕುಮಟೆಯಲ್ಲಿ ವಿದೇಶ ಮಂತ್ರಿ ಇದ್ದಾರೆ ಅಂದ್ರು. ನನ್ನ ಮಗನನ್ನ ಕರೆಸಿಕೊಡಿ” ಎಂದು ಅತ್ತರು.

ಇವರು ಕುರ್ಚಿ ಬಿಟ್ಟು ಎದ್ದರು. “ಅಮ್ಮಾ, ನಾನು ನಿಜವಾದ ಮಂತ್ರಿ ಅಲ್ಲ. ಬರೀ ನೆರಳು.”

“ನೆರಳಾದ್ರೆ ಎಂತ? ಬಿಸಿಲಲ್ಲಿ ನಿಂತವರಿಗೆ ಅದೇ ಬೇಕು” ಎಂದು ಆಕೆ ಕಣ್ಣೊರೆಸಿಕೊಂಡರು.

ಅಂದು ಸಂಜೆ ಭಟ್ಕಳದಲ್ಲಿ ಇವರ ಭಾಷಣವಿತ್ತು. ಆಕೆಯನ್ನೂ ಜೊತೆಗೆ ಕರೆದುಕೊಂಡು ಹೊರಟೆವು. ಹೊನ್ನಾವರದಲ್ಲಿ ಶರಾವತಿ ದಾಟಲು ಲಾಂಚು ಹತ್ತಿದರೆ ಎದುರಿಗೇ ಆಳುವ ಪಕ್ಷದ ಎಂ.ಪಿ. ಕೂತಿದ್ದಾರೆ! ಅವರ ಜೊತೆ ಮಾತಾಡುವುದಿಲ್ಲವೆಂದು ಇವರು ಪಕ್ಷದ ಸಭೆಯಲ್ಲಿ ಕೈಯೆತ್ತಿ ಹೇಳಿ ಬಂದವರು. ಹೊಳೆಯನ್ನೇ ನೋಡುತ್ತ ಕೂತರು. ಆ ತಾಯಿ ಸೆರಗಿನ ತುದಿ ಹಿಂಡುತ್ತಿದ್ದರು. ನಡುಹೊಳೆ ಬರುವಷ್ಟರಲ್ಲಿ ಇವರು ಎದ್ದು ಹೋಗಿ ಎಂ.ಪಿ. ಎದುರು ಕೈಮುಗಿದು ನಿಂತರು.

“ಏನು ವಕೀಲರೇ, ಭಟ್ಕಳದಲ್ಲಿ ನನಗೆ ಬೈಯಲು ಹೊರಟ್ರಾ?”

“ಹೌದು. ಅದಕ್ಕೂ ಮೊದಲು ನಿಮ್ಮಿಂದ ಒಂದು ಉಪಕಾರ ಆಗ್ಬೇಕು.”

ಎಂ.ಪಿ. ನಕ್ಕರು. ಆಮೇಲೆ ನಗು ನಿಲ್ಲಿಸಿ, ಆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕೇಳಿ, ದಿಲ್ಲಿಯಲ್ಲಿ ವಿಚಾರಿಸುತ್ತೇನೆ ಎಂದರು. ಸಂಜೆ ಇವರು ಮಾತಿಗೆ ತಪ್ಪದೆ ಅವರಿಗೆ ಬೈದರು. ಆದರೆ ಪ್ರತಿ ಬೈಗುಳದ ಹಿಂದೆಯೂ ‘ಮಾನ್ಯ’ ಸೇರಿಕೊಂಡಿತ್ತು.

೪. ಮಾಜಿ

ಸುದ್ದಿ ಕುಮಟೆ ಮುಟ್ಟಿತು. ಎದುರಾಳಿಗೆ ಕೈಮುಗಿದ ತಪ್ಪಿಗೆ ಇವರನ್ನು ಮಂತ್ರಿಮಂಡಲದಿಂದ ಕೈಬಿಟ್ಟರು, ಅದೂ ನಮ್ಮದೇ ಜಗಲಿಯಲ್ಲಿ, ನಮ್ಮದೇ ಚಾ ಕುಡಿದು. ಅಂದಿನಿಂದ ಇವರು ಪೇಟೆಗೆಲ್ಲ ‘ಮಾಜಿ ವಿದೇಶ ಮಂತ್ರಿ’. ಇವರೂ ನಗುತ್ತಿದ್ದರು, ಆದರೆ ಊಟಕ್ಕೆ ಕೂತಾಗ ಮಾತು ಕಡಿಮೆಯಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆ ತಾಯಿ ಮತ್ತೆ ಬಂದರು. ಜೊತೆಗೆ ಬಡಕಲಾದ, ಗಡ್ಡ ಬಿಟ್ಟ ಒಬ್ಬ ಯುವಕ. ಅವನ ಕೈಯಲ್ಲಿ ಹಲ್ವದ ಡಬ್ಬಿ. ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ಊರು ಸೇರಿದ್ದನಂತೆ. ಅವನು ಇವರ ಕಾಲಿಗೆ ಬಾಗಲು ಹೋದ. ಇವರು ಎತ್ತಿ ತಬ್ಬಿಕೊಂಡರು. ಗೆದ್ದವರ ಮುಖ ಹೇಗಿರುತ್ತದೆ ಎಂದು ನಮ್ಮ ಮನೆಯಲ್ಲಿ ನಾನು ಮೊದಲ ಬಾರಿಗೆ ನೋಡಿದೆ.

ಆದರೆ ತಾಯಿಯ ಮುಖದಲ್ಲಿ ಏನೋ ಅಳುಕು. ಚಾ ಕುಡಿದಾದ ಮೇಲೆ ಮೆಲ್ಲಗೆ ಹೇಳಿದರು: “ನಮ್ಮಿಂದಾಗಿ ನಿಮ್ಮ ಮಂತ್ರಿ ಕೆಲಸ ಹೋಯ್ತಂತೆ. ಕೇಳಿ ನಿದ್ದೆ ಬರ್ಲಿಲ್ಲ. ಮಗ ಭಟ್ಕಳದಲ್ಲಿ ಬಟ್ಟೆ ಅಂಗಡಿ ತೆಗೀತಿದ್ದಾನೆ. ಗಿರಾಕಿಗಳ ಹತ್ರ ಮಾತಾಡ್ಲಿಕ್ಕೆ ಒಬ್ಬರು ಬೇಕು. ನೀವು ಚಲೋ ಮಾತಾಡ್ತೀರಿ. ಬರ್ತೀರಾ?”

ಇಷ್ಟು ವರ್ಷದಲ್ಲಿ ಇವರನ್ನು ಯಾರೂ ಆರಿಸಿದ್ದಿಲ್ಲ, ಈಗ ನೋಡಿದರೆ ಅವಿರೋಧ ಆಯ್ಕೆ. ಇವರು ನನ್ನ ಮುಖ ನೋಡಿದರು.

ಅದಕ್ಕೇ ನಾನು ಕೇಳಿದೆ: “ಯಾವತ್ತಿಂದ ಕಳಿಸ್ಲಿ?”