ಹಿರಿಯರ ರಟ್ಟೆ ಹಿಡಿಯುವವರ ಗಮನಕ್ಕೆ

ಹಿರಿಯರ ಆರೋಗ್ಯ ಮತ್ತು ಸ್ವಾವಲಂಬನೆ ಅಧ್ಯಯನ ಘಟಕ
ಮೂಡಿಗೆರೆ (ಬಸ್ ನಿಲ್ದಾಣದ ಹಿಂಬದಿ, ಮಹಡಿಯ ಮೇಲೆ)

ಸಂಖ್ಯೆ: ಹಿಆಸ್ವಾ/ರಟ್ಟೆ/7/2002-03
ದಿನಾಂಕ: 10-02-2003

ಸುತ್ತೋಲೆ

ವಿಷಯ: ಹಿರಿಯರು ಕುರ್ಚಿಯಿಂದ ಏಳುವ ಸಂದರ್ಭದಲ್ಲಿ, ಅವರನ್ನು ಕೇಳದೆಯೇ ರಟ್ಟೆ ಹಿಡಿಯುವುದನ್ನು ನಿರ್ಬಂಧಿಸುವ ಕುರಿತು.

ಉಲ್ಲೇಖ:
1. ಈ ಘಟಕದ ಸಮೀಕ್ಷಾ ವರದಿ (ಹಿಂಪಡೆಯಲಾಗಿದೆ).
2. ಶ್ರೀಮತಿ ಗಿರಿಜಾಂಬಾ ಅವರು ಕಚೇರಿಗೆ ಖುದ್ದು ಬಂದು, ನಿಂತುಕೊಂಡೇ ಸಲ್ಲಿಸಿದ ಮೌಖಿಕ ಆಕ್ಷೇಪಣೆ.
3. ಕಾಫಿ ಕಣದಲ್ಲಿ ನಡೆದ ಮರುಪರೀಕ್ಷೆ ಹಾಗೂ ಮೋಡ.

ಪ್ರಸ್ತಾವನೆ:

ವಯಸ್ಸಾದವರು ತಮ್ಮ ಕೆಲಸ ತಾವೇ ಮಾಡಿಕೊಂಡು ಎಷ್ಟು ಕಾಲ ಗಟ್ಟಿಯಾಗಿರಬಲ್ಲರು ಎಂಬುದನ್ನು ಅರಿಯಲು ಈ ತಾಲ್ಲೂಕಿನಲ್ಲಿ ಅಧ್ಯಯನ ಕೈಗೊಳ್ಳಲಾಗಿರುತ್ತದೆ. ಅದರಂತೆ ದೇವರಮನೆ ರಸ್ತೆಯ ಸಣ್ಣ ಕಾಫಿ ಬೆಳೆಗಾರರಾದ ಶ್ರೀ ಬಸವರಾಜಪ್ಪನವರ ತಾಯಿ, ಎಪ್ಪತ್ತೊಂಬತ್ತು ವರ್ಷದ ಶ್ರೀಮತಿ ಗಿರಿಜಾಂಬಾ ಅವರನ್ನು ಪರೀಕ್ಷಿಸಲು ಕ್ಷೇತ್ರ ಸಹಾಯಕ ಶ್ರೀ ರೇವಣ್ಣ ಅವರನ್ನು ನಿಯೋಜಿಸಲಾಗಿತ್ತು. ಪರೀಕ್ಷೆ ಬಹಳ ಸರಳ. ಕುರ್ಚಿಯಲ್ಲಿ ಕೂರುವುದು, ಯಾರ ನೆರವೂ ಇಲ್ಲದೆ ಏಳುವುದು, ಬಾಗಿಲ ತನಕ ನಡೆದು ಬರುವುದು.

ಆದರೆ ಬಂದವರಿಗೆ ಕಾಫಿ ಕೊಡದೆ ಕುರ್ಚಿಯಲ್ಲಿ ಕೂರುವ ಪದ್ಧತಿ ಸದರಿ ಮನೆಯಲ್ಲಿ ಇರುವುದಿಲ್ಲ. ರೇವಣ್ಣನವರು ಗಡಿಯಾರ ಹೊರತೆಗೆಯುವಷ್ಟರಲ್ಲಿ ಗಿರಿಜಾಂಬಾ ಅವರು ಒಲೆ ಊದಿ, ಕಾಫಿ ಸೋಸಿ, ಸ್ಟೂಲು ಹತ್ತಿ ಅಟ್ಟದ ಮೇಲಿನ ಡಬ್ಬದಿಂದ ಕೋಡುಬಳೆ ಇಳಿಸಿ ತಂದಿರುತ್ತಾರೆ. ಇದೆಲ್ಲ ಪರೀಕ್ಷೆಗೆ ಮುಂಚೆ ನಡೆದುದರಿಂದ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕೋಡುಬಳೆಯನ್ನು ಮಾತ್ರ ತೆಗೆದುಕೊಳ್ಳಲಾಗಿದೆ.

ತರುವಾಯ ಅವರನ್ನು ಕೂರಿಸಿ, ಏಳುವಂತೆ ಸೂಚಿಸಲಾಗಿ, ಮಗ ಬಸವರಾಜಪ್ಪನವರು ಬಲ ರಟ್ಟೆಯನ್ನೂ, ಸೊಸೆ ಅರುಣಾ ಅವರು ಎಡ ರಟ್ಟೆಯನ್ನೂ, ತೋಟದ ಮೇಸ್ತ್ರಿ ಬೆಳ್ಳಿಯಪ್ಪನವರು ಅಂಗಳದಿಂದ ಓಡಿಬಂದು ಬೆನ್ನ ಹಿಂದಿನ ಗಾಳಿಯನ್ನೂ ಹಿಡಿದುಕೊಂಡರು. ದೊಡ್ಡವರು ಏಳುವಾಗ ಸುಮ್ಮನೆ ನಿಂತು ನೋಡುವುದು ಈ ಸೀಮೆಯಲ್ಲಿ ಮರ್ಯಾದೆ ಅಲ್ಲ. ಪರಿಣಾಮವಾಗಿ ವರದಿಯಲ್ಲಿ 'ಏಳಲು ಮೂವರ ನೆರವು ಅಗತ್ಯ. ಪೂರ್ಣ ಪರಾವಲಂಬಿ' ಎಂದು ನಮೂದಾಯಿತು.

ವರದಿ ಓದಿದ ಮಗ ಹೌಹಾರಿದರು. ಅಂದಿನಿಂದ ಗಿರಿಜಾಂಬಾ ಅವರು ಕಣಕ್ಕೆ ಇಳಿಯುವುದಕ್ಕೂ, ಒಬ್ಬರೇ ಬಸ್ಸು ಹತ್ತಿ ಸಂತೆಗೆ ಹೋಗುವುದಕ್ಕೂ ತಡೆಯಾಯಿತು. ಕಣದ ತುಂಬ ಹರಡಿದ ಕಾಫಿ ಹಣ್ಣನ್ನು ಕಾಲಾಡಿಸಿ ತಿರುವಿ ಒಣಗಿಸುವುದು, ಮದುವೆಯಾಗಿ ಬಂದ ವರ್ಷದಿಂದಲೂ ಅವರದೇ ಕೆಲಸ. ಈಗ ಜಗಲಿಯ ಕುರ್ಚಿ, ಮೇಲೊಂದು ಶಾಲು. ಕೂತು ಕೂತು ಮಂಡಿ ನಿಜವಾಗಿಯೂ ಹಿಡಿದುಕೊಳ್ಳತೊಡಗಿತು. ಹೀಗೇ ಕೂತರೆ ಆ ಸುಳ್ಳು ವರದಿಯೇ ನಿಜವಾಗಿಬಿಡುತ್ತದಲ್ಲ ಎಂದು ಅವರಿಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಈ ಕಚೇರಿಯೇ ಎಂದು ಒಪ್ಪಿಕೊಳ್ಳಲು ಕೆಳ ಸಹಿದಾರನಿಗೆ ಸಂಕೋಚವಿರುವುದಿಲ್ಲ.

ಮಗ ಚಿಕ್ಕಮಗಳೂರಿಗೆ ಹೋಗಿದ್ದ ದಿನ ನೋಡಿ, ಶಾಲನ್ನು ಕುರ್ಚಿಯ ಮೇಲೆ ಕೂರಿಸಿ, ಗಿರಿಜಾಂಬಾ ಅವರು ಬಸ್ಸು ಹತ್ತಿ ಬಂದರು. ಮಹಡಿಯ ಮೆಟ್ಟಿಲನ್ನೂ ಹತ್ತಿದರು. ಗುಮಾಸ್ತರು ನಾ ಮುಂದೆ ತಾ ಮುಂದೆ ಎಂದು ಕುರ್ಚಿ ತಂದರೂ ಕೂರಲಿಲ್ಲ. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ನನ್ನ ಕಾಲು ಸರಿಯಾಗೇ ಇದಾವೆ ಮಾರಾಯ್ರೆ. ಕಾಯಿಲೆ ಇರೋದು ಇವರ ಕೈಗೆ. ಅದಕ್ಕೆ ಎಂಥದಾದ್ರೂ ಮದ್ದಿದ್ರೆ ಕೊಡಿ."

ಮದ್ದು ದಾಸ್ತಾನಿನಲ್ಲಿ ಇಲ್ಲದ ಕಾರಣ ಮರುಪರೀಕ್ಷೆಗೆ ಆದೇಶಿಸಲಾಯಿತು. ಕಣದ ಅಂಚಿನಲ್ಲೇ ಕುರ್ಚಿ ಹಾಕಿಸಿ, ಕೆಳ ಸಹಿದಾರನೂ ಹಾಜರಿದ್ದು, ಯಾರೂ ಮುಟ್ಟಕೂಡದೆಂದು ತಾಕೀತು ಮಾಡಲಾಯಿತು. ಮೂವರೂ ತಲೆಯಾಡಿಸಿ ಒಪ್ಪಿ, ಮತ್ತೆ ರಟ್ಟೆ ಹಿಡಿದುಕೊಂಡರು.

ಅಷ್ಟರಲ್ಲಿ ದೇವರಮನೆ ಗುಡ್ಡದ ಕಡೆಯಿಂದ ಅಕಾಲದ ಕರಿಮೋಡವೊಂದು ಯಾವುದೇ ಪೂರ್ವಾನುಮತಿಯಿಲ್ಲದೆ ಬಂತು. ಒಣಗುತ್ತಿರುವ ಕಾಫಿಯ ಮೇಲೆ ಮಳೆ ಬಿದ್ದರೆ ವರ್ಷದ ದುಡಿಮೆ ಬೂಷ್ಟು ಹಿಡಿದಂತೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಿಡಿದ ರಟ್ಟೆ ಬಿಟ್ಟು ಮಗ ಟಾರ್ಪಾಲಿಗೆ, ಸೊಸೆ ರಾಶಿ ಎಳೆಯಲು, ಮೇಸ್ತ್ರಿ ಗೋಣಿಚೀಲಕ್ಕೆ ಓಡಿದರು. ಅಮ್ಮ ಬೀಳುತ್ತಾರೆಂಬುದು ಒಬ್ಬರಿಗೂ ನೆನಪಾಗಲಿಲ್ಲ. ಅಮ್ಮ ಕುರ್ಚಿಯಲ್ಲಿ ಇರಲೂ ಇಲ್ಲ. ಕಣದ ಆಚೆ ತುದಿಯಲ್ಲಿ ಟಾರ್ಪಾಲು ಜಗ್ಗಿ, ಮೇಲೆ ಕಲ್ಲು ಹೇರುತ್ತಿದ್ದರು. ಅವರು ಎದ್ದದ್ದನ್ನು ಗಡಿಯಾರವೂ ನೋಡಿಲ್ಲ.

ನೆರವಾಗಲು ಧಾವಿಸಿದ ರೇವಣ್ಣನವರು ಬೂಟುಗಾಲಲ್ಲಿ ಕಾಫಿ ಹಣ್ಣಿನ ಮೇಲೆ ಜಾರಿ ಅಂಗಾತ ಬಿದ್ದರು. ಗಿರಿಜಾಂಬಾ ಅವರು ಹತ್ತಿರ ಬಂದು, ಮುಟ್ಟದೆ, ಬಗ್ಗಿ ಕೇಳಿದರು: "ಎಬ್ಬಿಸ್ಲಾ ಮಗಾ, ಇಲ್ಲಾ ನೀನೇ ಏಳ್ತೀಯಾ?" ಕೇಳಿ, ಉತ್ತರಕ್ಕೆ ಕಾದರು. ರೇವಣ್ಣನವರು ಕೊಂಚ ಯೋಚಿಸಿ ತಾವೇ ಎದ್ದರು. ಮೋಡ ನಾಲ್ಕು ಹನಿ ಉದುರಿಸಿ ಬಾಳೂರಿನ ಕಡೆಗೆ ವರ್ಗವಾಯಿತು.

ಮೇಲಿನ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಸಂಬಂಧಪಟ್ಟ ಎಲ್ಲ ರಟ್ಟೆ ಹಿಡಿಯುವವರಿಗೆ ಸೂಚಿಸುವುದೇನೆಂದರೆ:

1. 'ಎಬ್ಬಿಸಲೇ, ತಾವೇ ಏಳುವಿರಾ?' ಎಂದು ಕೇಳದೆ ಯಾವುದೇ ಹಿರಿಯರ ರಟ್ಟೆ ಹಿಡಿಯತಕ್ಕದ್ದಲ್ಲ. ಕೇಳಿದ ಮೇಲೆ ಉತ್ತರಕ್ಕೆ ಕಾಯತಕ್ಕದ್ದು. ಕೇಳುತ್ತ ಕೇಳುತ್ತಲೇ ಹಿಡಿಯುವುದನ್ನು ಕೇಳಿದಂತೆ ಪರಿಗಣಿಸಲಾಗದು.

2. ಕೈ ತಡೆಯಲಾಗದವರು ಎರಡೂ ಕೈಯಲ್ಲಿ ಒಂದೊಂದು ಕಾಫಿ ಲೋಟ ಹಿಡಿದಿರತಕ್ಕದ್ದು. ಲೋಟ ತುಂಬಿರಬೇಕು. ತುಳುಕಿದ್ದನ್ನು ಅವರೇ ಒರೆಸತಕ್ಕದ್ದು.

3. ಹಿರಿಯರ ಹೆಜ್ಜೆ ಹೆಜ್ಜೆಗೂ 'ಹುಷಾರು', 'ನಿಧಾನ', 'ಅಯ್ಯಯ್ಯೋ' ಎನ್ನುವುದನ್ನು ನಿಷೇಧಿಸಿದೆ. ಹೊಸಿಲಿಗೆ ಒಂದರಂತೆ 'ಹುಷಾರು' ಮಂಜೂರು ಮಾಡಿದೆ. ಒಂದು ಹೊಸಿಲಿನಲ್ಲಿ ಬಳಸದೆ ಉಳಿದುದನ್ನು ಮುಂದಿನ ಹೊಸಿಲಿಗೆ ಒಯ್ಯುವಂತಿಲ್ಲ.

4. ಬಿದ್ದರೆ ಹಿಡಿಯೋಣವೆಂದು ಹಿಂದೆ ಕೈಚಾಚಿ ನಿಲ್ಲಲೇಬೇಕೆನಿಸುವವರು ಪಂಚೆ ಒಣಹಾಕುತ್ತಿರುವಂತೆ ತೋರತಕ್ಕದ್ದು. ಒದ್ದೆ ಪಂಚೆಯನ್ನು ಸ್ವಂತ ಖರ್ಚಿನಲ್ಲಿ ತರತಕ್ಕದ್ದು.

5. ಹಿರಿಯರೇ ಕೈ ಕೇಳಿದಾಗ ತಕ್ಷಣ ನೀಡತಕ್ಕದ್ದು. 'ನಾನು ಆವಾಗಲೇ ಹೇಳಲಿಲ್ಲವಾ' ಎಂಬುದನ್ನು ಕೈಯೊಂದಿಗೆ ಲಗತ್ತಿಸಬಾರದು.

6. ಸಮೀಕ್ಷಾ ಸಿಬ್ಬಂದಿ ಇನ್ನು ಮುಂದೆ ಕಾಫಿ ಮಾಡುವುದನ್ನೇ ಪರೀಕ್ಷೆಯೆಂದು ದಾಖಲಿಸತಕ್ಕದ್ದು. ಅಟ್ಟದ ಕೋಡುಬಳೆಗೆ ಪೂರ್ಣ ಅಂಕ. ಮಿತಿಮೀರಿ ತಿಂದು ಕುರ್ಚಿಯಿಂದ ಏಳಲಾಗದ ಸಿಬ್ಬಂದಿಯನ್ನು ಅದೇ ಅಧ್ಯಯನದಡಿ ಪರಾವಲಂಬಿಗಳೆಂದು ಸೇರಿಸಿಕೊಳ್ಳಲಾಗುವುದು.

7. ಪ್ರತಿ ಪರೀಕ್ಷೆಗೂ ಮೋಡ ಒದಗಿಸಲು ಘಟಕದಲ್ಲಿ ಅವಕಾಶವಿಲ್ಲ. ಆದುದರಿಂದ ಪರೀಕ್ಷೆ ಮುಗಿಯುವವರೆಗೆ ಮನೆಯವರನ್ನು ಮೋಡ ಬಂತೇ ನೋಡಿಬರಲು ಹೊರಗೆ ಕಳುಹಿಸತಕ್ಕದ್ದು. ಮೋಡ ಕಾಣದಿದ್ದಲ್ಲಿ ಕಾಣುವವರೆಗೆ ನೋಡತಕ್ಕದ್ದು.

8. ಶ್ರೀಮತಿ ಗಿರಿಜಾಂಬಾ ಅವರ ಕಣವನ್ನೂ ಬಸ್ಸನ್ನೂ ಅವರಿಗೆ ಈ ಮೂಲಕ ಹಿಂದಿರುಗಿಸಲಾಗಿದೆ. ಕಣಕ್ಕಿಳಿದ ಮೇಲೆ ಮಂಡಿಯೂ ರಜೆ ಮುಗಿಸಿ ಕೆಲಸಕ್ಕೆ ಹಾಜರಾಗಿರುವುದಾಗಿ ತಿಳಿದುಬಂದಿದೆ.

ಸಹಿ/-
ಮೇಲ್ವಿಚಾರಕರು
ಹಿರಿಯರ ಆರೋಗ್ಯ ಮತ್ತು ಸ್ವಾವಲಂಬನೆ ಅಧ್ಯಯನ ಘಟಕ, ಮೂಡಿಗೆರೆ

ಪ್ರತಿಗಳು:

1. ಶ್ರೀ ಬಸವರಾಜಪ್ಪ ಮತ್ತು ಶ್ರೀಮತಿ ಅರುಣಾ ಅವರಿಗೆ. ಓದುವಷ್ಟು ಹೊತ್ತು ಕೈಗೆ ಕೆಲಸವಿರುವುದರಿಂದ ಮತ್ತೆ ಮತ್ತೆ ಓದಲು ಕೋರಿದೆ.

2. ಮೇಸ್ತ್ರಿ ಬೆಳ್ಳಿಯಪ್ಪನವರಿಗೆ, ಪಂಚೆಯ ಕುರಿತು.

3. ಶ್ರೀ ರೇವಣ್ಣ, ಕ್ಷೇತ್ರ ಸಹಾಯಕರು. ಕಣಕ್ಕೆ ಇಳಿಯುವ ಮುನ್ನ ಬೂಟು ಬಿಡಲು.

4. ಈ ಕಚೇರಿಯ ಗುಮಾಸ್ತರಿಗೆ. ಕುರ್ಚಿಯನ್ನು ಸ್ವಸ್ಥಾನದಲ್ಲಿಡಲು.

5. ಶ್ರೀಮತಿ ಗಿರಿಜಾಂಬಾ ಅವರಿಗೆ. ಅಂಚೆಗೆ ಹಾಕುವ ಮೊದಲೇ ಸದರಿಯವರು ಬೆಳಗಿನ ಬಸ್ಸಿಗೆ ಒಬ್ಬರೇ ಬಂದು ಪ್ರತಿಯನ್ನು ಖುದ್ದಾಗಿ ಪಡೆದಿರುತ್ತಾರೆ. ಅವರು ಮೆಟ್ಟಿಲಿಳಿಯುವಾಗ ಕೆಳ ಸಹಿದಾರನ ಬಲಗೈ ತಾನಾಗಿ ಮುಂದೆ ಹೋದುದರಿಂದ, ಕಂಡಿಕೆ 1ರನ್ವಯ ಕೇಳಲಾಯಿತು. "ಬೇಡ ಮಾರಾಯ್ರೆ, ನಾನೇ ಇಳೀತೀನಿ" ಎಂದು ಉತ್ತರ ಬಂದಿದೆ. ಕೈಯನ್ನು ಜೇಬಿಗೆ ಹಿಂದಿರುಗಿಸಲಾಗಿದೆ.