ಹೆಪ್ಪಿಗಿಟ್ಟ ಬಾವಿ

ನೀರಿಗೆಂದು ಬಾವಿ ತೋಡಿಸಿ, ನೀರು ಬರುವ ಮೊದಲೇ ಅದಕ್ಕೆ ಮುಚ್ಚಳ ಹಾಕಿದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ. ಹುಚ್ಚೇ? ಊರು ಹಾಗೆಯೇ ಅಂದುಕೊಂಡಿತ್ತು. ಆ ಹುಚ್ಚು ಶುರುವಾದದ್ದು ಅವರಿಂದಲೋ ನನ್ನಿಂದಲೋ, ನನಗೆ ಇಂದಿಗೂ ಗೊಂದಲ.

ಎಪ್ಪತ್ತರ ದಶಕದ ಕೊನೆಯಿರಬೇಕು. ಭೂವಿಜ್ಞಾನದ ಪದವಿ ಹೊತ್ತು ಮಾವನ ಊರಾದ ಯಲ್ದೂರಿಗೆ ಹೋಗಿದ್ದೆ. ಮಾವಿನ ತೋಪಿನಾಚೆಯಿಂದ ನೀರು ಹೊತ್ತು ಅತ್ತೆಯ ಸೊಂಟ ಸೋತಿತ್ತೆಂದು ಮಾವ ಹಿತ್ತಲಲ್ಲೇ ಬಾವಿ ತೋಡಿಸುತ್ತಿದ್ದರು. ನೀರಿನ ಬದಲು ಕಪ್ಪು ಪದರಗಲ್ಲು ಬಂತು. ಒಡೆದರೆ ಒಳಗೆ ಹಳದಿ ಮಿಂಚು. ಕೋಲಾರದ ಸೀಮೆಯವರಿಗೆ ಹಳದಿ ಮಿಂಚು ಕಂಡರೆ ಕೇಳಬೇಕೆ!

"ಏನ್ಲಾ ಅಳಿಯ, ಬಂಗಾರಾನಾ?"

"ಅಲ್ಲ ಮಾವ, ಕಬ್ಬಿಣ, ಗಂಧಕ. ಚೂರುಪಾರು ತಾಮ್ರ ಇದ್ರೂ ಇರಬಹುದು."

ಅಷ್ಟಕ್ಕೇ ಸುಮ್ಮನಿರಬಹುದಿತ್ತು, ಪಾಠ ಶುರು ಮಾಡಿದೆ. ಇದು ಒಂದು ಕಾಲಕ್ಕೆ ಕಡಲ ತಳದ ಕೆಸರು. ಗಾಳಿಯಾಡದ ನಿಂತ ನೀರಿನಲ್ಲಿ ಪಾಚಿ ಸತ್ತು, ಬಿದ್ದು, ಕೊಳೆತು ಕೆಸರನ್ನು ಕಪ್ಪಾಗಿಸುತ್ತದೆ. ಅಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟುತ್ತದೆ. ನೀರಿನಲ್ಲಿ ಕರಗಿದ ಲೋಹ ಆ ಅನಿಲದೊಡನೆ ಸೇರಿ ಕಾಳುಕಾಳಾಗಿ ತಳಕ್ಕಿಳಿಯುತ್ತದೆ. ಮೇಲಿನ ಭಾರಕ್ಕೆ ಕೆಸರೇ ಕಲ್ಲಾಗುತ್ತದೆ. ಮೊಸರು ಹೆಪ್ಪಾದ ಹಾಗೆ, ಎಂದೂ ಸೇರಿಸಿದೆ. ಅಥವಾ ಅದನ್ನು ಹೇಳಿದ್ದು ಮಾವನೋ? ಅತ್ತೆ ಹಾಗೆನ್ನುತ್ತಾರೆ.

ಯಾರದಾದರೇನು, ಮರುದಿನ ಬಾವಿಯ ಮೇಲೆ ಕಲ್ಲುಚಪ್ಪಡಿಗಳು ಕೂತಿದ್ದವು.

"ಹೆಪ್ಪಿಗಿಟ್ಟ ಪಾತ್ರೆ ಅಲ್ಲಾಡಿಸ್ತಾರೇನ್ಲಾ? ಗಾಳಿ ಆಡಬಾರದು ಅಂತ ನೀನೇ ಅಂದೆ. ತಾಮ್ರ ಇನ್ನೂ ಇಳೀಲಿ," ಎಂದರು ಮಾವ.

"ಅದು ಹೆಪ್ಪಾಗಿ ಕೋಟ್ಯಂತರ ವರ್ಷ ಆಯ್ತು ಮಾವ."

"ನೀನು ಕಂಡಿದ್ಯಾ?"

ಏನನ್ನೂ ಸುಮ್ಮನೆ ನಂಬಬೇಡ ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ಮಾವ ಅಲ್ಲಿಗೆ ಹೋಗದೆಯೇ ಕಲಿತಿದ್ದರು.

ಅತ್ತೆ ಬಿಂದಿಗೆ ಎತ್ತಿಕೊಂಡು ತೋಪಿನ ಕಡೆ ಹೊರಟರು. "ನಿಮ್ಮ ಮೊಸರು ಹೆಪ್ಪಾಗೋದ್ರೊಳಗೆ ನಾನೇ ಕಲ್ಲಾಗಿರ್ತೀನಿ ಕಣ್ರೀ."

ಆ ಬೇಸಿಗೆಯೋ ಮುಂದಿನದೋ, ಅತ್ತೆ ದಾರಿಯಲ್ಲಿ ಬಿಂದಿಗೆ ಸಮೇತ ಜಾರಿ ಬಿದ್ದರು. ಮಾವ ಅವರನ್ನು ಎತ್ತಿ ತಂದು ಜಗಲಿಯ ಮೇಲೆ ಕೂರಿಸಿದರು. ಹಾರೆ ಹಿಡಿದು ಹೋಗಿ ಚಪ್ಪಡಿ ಸರಿಸಿದರು. ಆಳುಗಳನ್ನು ಕರೆಸಿ ಆ ಮಿಂಚುವ ಕಲ್ಲನ್ನೆಲ್ಲ ಒಡೆಸಿಹಾಕಿದರು. ಅದರ ಕೆಳಗೇ ನೀರಿತ್ತು.

ಈಗ ಮಾವ ಇಲ್ಲ. ಮೊನ್ನೆ ಹೋದಾಗ, ಬೆಕ್ಕು ಬಾಯಿ ಹಾಕದಿರಲೆಂದು ಅತ್ತೆ ಮೊಸರಿನ ಗಡಿಗೆಯ ತಟ್ಟೆಯ ಮೇಲೆ ಅದೇ ಕಲ್ಲಿನ ತುಂಡೊಂದನ್ನು ಭಾರಕ್ಕೆ ಇಟ್ಟಿದ್ದರು. ಅದು ನನ್ನ ನೆನಪಿನಷ್ಟು ಕಪ್ಪಾಗಿದೆಯೇ ನೋಡೋಣವೆಂದು ಕೈಚಾಚಿದೆ.

"ಮುಟ್ಟಬೇಡ ಕಣಪ್ಪ," ಎಂದರು ಅತ್ತೆ ಮೆಲ್ಲಗೆ. "ಇನ್ನೂ ಹೆಪ್ಪಾಗಿಲ್ಲ. ನಿಮ್ಮ ಮಾವ ಬೈತಾರೆ."